ಗಾಜಿನ ಬುರುಡೆಯಲ್ಲಿ ಆದಿಭೂಮಿ

ಪ್ರಶ್ನೆ: 1953ರಲ್ಲಿ ಅಮೆರಿಕದ ರಸಾಯನವಿಜ್ಞಾನಿ ಸ್ಟ್ಯಾನ್ಲಿ ಮಿಲ್ಲರ್ ಪ್ರಯೋಗಾಲಯದಲ್ಲಿ ಜೀವ ಸೃಷ್ಟಿಸಿದರು ಎನ್ನುತ್ತಾರೆ. ನಿಜವೇ? ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದಲ್ಲವೇ?

ಉತ್ತರ: ಸಿಕ್ಕಿದ್ದು ಜೀವವಲ್ಲ, ಪ್ರೋಟೀನುಗಳ ಕಚ್ಚಾವಸ್ತುವಾದ ಅಮೈನೋ ಆಮ್ಲಗಳು. ಅದೇನೂ ಸಣ್ಣ ಮಾತಲ್ಲ.

500 ಮಿಲಿಲೀಟರ್ ಬುರುಡೆಯಲ್ಲಿ 200 ಮಿಲಿಲೀಟರ್ ನೀರು. ಮೇಲೆ 5 ಲೀಟರಿನ ಇನ್ನೊಂದು ಬುರುಡೆ, ಅದರೊಳಗೆ ವಿದ್ಯುತ್ ಕಿಡಿ ಹಾರಿಸುವ ಎರಡು ಎಲೆಕ್ಟ್ರೋಡು. ಮೊದಲು ಗಾಳಿಯನ್ನು ಪೂರ್ತಿ ಹೊರಗೆಳೆಯಬೇಕು. ಆಕ್ಸಿಜನ್ ಉಳಿದರೆ ಕಿಡಿ ತಾಗಿದೊಡನೆ ಸ್ಫೋಟವಾಗಬಹುದು. ಆಮೇಲೆ ಆದಿಭೂಮಿಯ ಗಾಳಿ ಹೀಗಿತ್ತೆಂಬ ಊಹೆಯಂತೆ ಮೂರು ಅನಿಲ: ಪಾದರಸದ ಮಟ್ಟದ ಲೆಕ್ಕದಲ್ಲಿ ಮೀಥೇನ್ 20, ಅಮೋನಿಯ 20, ಹೈಡ್ರೋಜನ್ 10 ಸೆಂಟಿಮೀಟರ್ ಒತ್ತಡ. ನೀರು ಕುದಿದು ಆವಿ ಮೇಲೇರುತ್ತದೆ, ಕಿಡಿ ದಾಟಿ ತಣಿಯುತ್ತದೆ, 'ಯು' ಕೊಳವೆಯ ಮೂಲಕ ಕೆಳಗಿಳಿಯುತ್ತದೆ. ಆ ಬಾಗು ಇಲ್ಲದಿದ್ದರೆ ಆವಿ ಹಿಮ್ಮುಖವಾಗಿ ನುಗ್ಗುತ್ತಿತ್ತು. ಒಂದೇ ದಿನಕ್ಕೆ ನೀರು ನಸುಗೆಂಪಾಯಿತು, ವಾರದ ಕೊನೆಗೆ ಕಡುಗೆಂಪಾಗಿ ಕದಡಿತ್ತು. ಆ ಕದಡು ಗಾಜಿನಿಂದ ಕರಗಿಬಂದ ಸಿಲಿಕಾ.

ಬ್ಯಾಕ್ಟೀರಿಯಾ ಕುರಿತ ನಿಮ್ಮ ಅನುಮಾನ ಮಿಲ್ಲರ್‌ಗೂ ಇತ್ತು. ತುಂಬಿದ ಉಪಕರಣವನ್ನು 130 ಡಿಗ್ರಿಯಲ್ಲಿ 18 ಗಂಟೆ ಕಾಯಿಸಿ, ಆಮೇಲೆ ಕಿಡಿ ಹಾಯಿಸಿದರೂ ಫಲಿತಾಂಶ ಬದಲಾಗಲಿಲ್ಲ. ಗ್ಲೈಸಿನ್, ಅಲನಿನ್ ಎಂಬ ಅಮೈನೋ ಆಮ್ಲಗಳು ಖಚಿತವಾಗಿ ಗುರುತಾದವು.

ನಿಜವಾದ ತೊಡಕು ಬೇರೆ: ಆದಿಭೂಮಿಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕವೇ ಹೆಚ್ಚಿತ್ತೆಂದು ಇಂದು ಬಹುಮಂದಿ ಭೂವಿಜ್ಞಾನಿಗಳ ಅಭಿಪ್ರಾಯ. ಅಂಥ ಮಿಶ್ರಣದಲ್ಲಿ ಹುಟ್ಟುವ ನೈಟ್ರೈಟ್ ಎಂಬ ಸಾರಜನಕದ ಸಂಯುಕ್ತ ಅಮೈನೋ ಆಮ್ಲಗಳನ್ನು ಹಾಳುಮಾಡುತ್ತದೆ, ನೀರೂ ಆಮ್ಲೀಯವಾಗುತ್ತದೆ. ಆಮ್ಲೀಯತೆ ತಗ್ಗಿಸಲು ಸುಣ್ಣಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿದಾಗ ಇಳುವರಿ ಸುಧಾರಿಸಿದ್ದು 2008ರಲ್ಲಿ ಕಂಡುಬಂತು.