ಮಾರ್ಷಾಲಿನ್ ಪಾತ್ರಕ್ಕೆ ದನಿಯನ್ನು ಮುದಿಯಾಗಿಸಬೇಕೇ?

'ಡೆರ್ ರೋಸೆನ್‌ಕವಲೀರ್' ಆಪೆರಾದ ಮಾರ್ಷಾಲಿನ್ ವಯಸ್ಸಾಗುತ್ತಿರುವ ಕುಲೀನ ಮನೆತನದ ಹೆಂಗಸು, ನನ್ನ ಸೊಪ್ರಾನೊ (ಹೆಣ್ಣಿನ ಎತ್ತರದ) ದನಿಯನ್ನು ಆ ವಯಸ್ಸಿಗೆ ಹೇಗೆ ಮಾಗಿಸಲಿ ಎಂದು ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಆ ಪಾತ್ರ ಕಲಿಯಲು ಕೂತೆ. ಉತ್ತರ ಒಂದೇ: ಮಾಗಿಸಬೇಡಿ. ಆಕೆಗೆ ಮುಪ್ಪು ಬಂದಿಲ್ಲ.

ಇದು ನನ್ನ ವ್ಯಾಖ್ಯಾನವಲ್ಲ, ಆಪೆರಾದ ಸಂಯೋಜಕ ರಿಚರ್ಡ್ ಸ್ಟ್ರೌಸ್ ತಮ್ಮ ನೆನಪುಗಳಲ್ಲಿ ಬರೆದಿಟ್ಟ ಮಾತು. ಮಾರ್ಷಾಲಿನ್ ಹೆಚ್ಚೆಂದರೆ 32ರ ಚೆಲುವೆ. ಮನಸ್ಸು ಕೆಟ್ಟ ಒಂದು ಗಳಿಗೆಯಲ್ಲಿ ತನ್ನ ಪ್ರಿಯಕರ, 17ರ ಒಕ್ಟಾವಿಯನ್ ಪಕ್ಕ ತನ್ನನ್ನು ಇಟ್ಟು ನೋಡಿ 'ಮುದುಕಿ' ಅಂದುಕೊಳ್ಳುತ್ತಾಳೆ, ಅಷ್ಟೆ. ಆ ಹುಡುಗ ಅವಳ ಮೊದಲ ಪ್ರಿಯಕರನಲ್ಲ, ಕೊನೆಯವನೂ ಅಲ್ಲ. ಮೊದಲ ಅಂಕದ ಕೊನೆಯನ್ನು ದುರಂತದ ಬೀಳ್ಕೊಡುಗೆಯಂತೆ ಆಡಬಾರದು. ವಿಯೆನ್ನಾದ ಹಗುರತನ ಇರಬೇಕು, ಒಂದು ಕಣ್ಣು ಒದ್ದೆ, ಇನ್ನೊಂದು ಒಣ ಎನ್ನುತ್ತಾರೆ. 1911ರ ಜನವರಿ 26ರಂದು ಡ್ರೆಸ್ಡೆನ್‌ನಲ್ಲಿ ಈ ಪಾತ್ರವನ್ನು ಮೊದಲು ಹಾಡಿದವರು ಮಾರ್ಗರೆಟೆ ಸೀಮ್ಸ್. ಮರುವರ್ಷ ಸ್ಟುಟ್‌ಗಾರ್ಟ್‌ನಲ್ಲಿ ಸ್ಟ್ರೌಸ್‌ರ ಇನ್ನೊಂದು ಆಪೆರಾ 'ಅರಿಯಾಡ್ನೆ'ಯ ತ್ಸೆರ್ಬಿನೆಟ್ಟಾ ಆದವರೂ ಅವರೇ. ತ್ಸೆರ್ಬಿನೆಟ್ಟಾ ಎಂದರೆ ತಾರಸ್ಥಾಯಿಯಲ್ಲಿ ಹಕ್ಕಿಯಂತೆ ಓಡಾಡುವ ಕೊಲೊರಾಟುರಾ ದನಿ. ಸಂಯೋಜಕರಿಗೆ ದಪ್ಪ, ಕಪ್ಪು ದನಿ ಬೇಕಿದ್ದರೆ ಅವರನ್ನು ಒಪ್ಪುತ್ತಿರಲಿಲ್ಲ. ನಿಜಕ್ಕೂ ಮುದುಕಿಯಾದ ಕುಲೀನೆ ಬೇಕೆಂದರೆ ಚೈಕೋವ್ಸ್ಕಿಯ 'ಇಸ್ಪೀಟಿನ ರಾಣಿ'ಯಲ್ಲಿದ್ದಾಳೆ, ಆ ಕೌಂಟೆಸ್. ಅದು ಮೆಝೊ, ಅಂದರೆ ಸೊಪ್ರಾನೊಗಿಂತ ತಗ್ಗಿನ ಹೆಣ್ಣುದನಿಯ ಪಾತ್ರ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನೀವೂ ಅದರ ಹೊಸ್ತಿಲಲ್ಲೇ ಇದ್ದೀರಿ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಮೊದಲ ಅಂಕದ ಬೆಳಗಿನ ಅಲಂಕಾರದ ಹೊತ್ತಿಗೆ ಮಾರ್ಷಾಲಿನ್ ತನ್ನ ಕೇಶವಿನ್ಯಾಸಗಾರ ಇಪ್ಪೊಲಿಟ್‌ಗೆ 'ಇವತ್ತು ನನ್ನನ್ನು ಮುದುಕಿ ಮಾಡಿಬಿಟ್ಟೆ' ಎನ್ನುತ್ತಾಳಲ್ಲ, ಅಲ್ಲಿಂದಲೇ ನಾನು ದನಿಯನ್ನು ಮುದಿಯಾಗಿಸಲು ಹೊರಟೆ. ಧ್ವನಿಪೆಟ್ಟಿಗೆಯನ್ನು ಕೆಳಕ್ಕೆ ಒತ್ತಿದೆ. 'ಇ', 'ಎ' ಸ್ವರಗಳನ್ನು 'ಒ' ಕಡೆಗೆ ವಾಲಿಸಿದೆ. ಲಯವನ್ನು ಎಳೆದೆ.

ಪರಿಣಾಮಗಳು ಒಂದರ ಬಾಲ ಹಿಡಿದು ಇನ್ನೊಂದು ಬಂದವು. ಸ್ವರಾಕ್ಷರ ದುಂಡಗಾದರೆ ಜರ್ಮನ್ ಮಾತು ಮಸುಕಾಗುತ್ತದೆ. 'ಡಾ ಗೇಟ್ ಎರ್ ಹಿನ್' ಎಂಬ ಸ್ವಗತ ಆಡುಮಾತಿನ ಓಟದಲ್ಲಿದೆ, ಅಲ್ಲಿ ಮಾತು ಕೇಳದಿದ್ದರೆ ಉಳಿಯುವುದು ಗೊಣಗಾಟ. ಮಾತು ಕೇಳುತ್ತಿಲ್ಲ ಅನ್ನಿಸಿದಾಗ ಮಧ್ಯಸ್ಥಾಯಿಗೆ ಇನ್ನಷ್ಟು ಭಾರ ಹಾಕುತ್ತೇವೆ. ಆ ಭಾರವನ್ನು ಹೊತ್ತುಕೊಂಡು ಮೇಲೆ ಹೋದರೆ ಶ್ರುತಿ ಇಳಿಯುತ್ತದೆ. ಕೊನೆಗೆ ಅಂಕದ ತುದಿಯಲ್ಲಿ, ಬೆಳ್ಳಿ ಗುಲಾಬಿಯ ಪೆಟ್ಟಿಗೆಯನ್ನು ಪುಟ್ಟ ಸೇವಕನ ಕೈಗೆ ಕೊಡುವಾಗ 'ಡೀ ಸಿಲ್ಬೆರ್ನೆ ರೋಸ್ನ್' ಎಂಬ ಸಾಲು ಮೇಲೆ, ಅತಿ ಮೆಲ್ಲಗೆ, ಕೂದಲೆಳೆಯಂತೆ ತೇಲಬೇಕು. ಒತ್ತಿಟ್ಟ ಧ್ವನಿಪೆಟ್ಟಿಗೆ ಅಲ್ಲಿ ತೇಲಲು ಬಿಡುವುದಿಲ್ಲ. ಒಂದೋ ಜೋರಾಗುತ್ತದೆ, ಇಲ್ಲವೇ ಒಡೆಯುತ್ತದೆ. ನನ್ನದು ಒಡೆಯಿತು, ಆಡಿಷನ್ ಕೈಬಿಟ್ಟಿತು. ಒಡೆದದ್ದು ಆ ಸಾಲಿನಲ್ಲಾದರೂ ಕೆಟ್ಟದ್ದು ಇಪ್ಪೊಲಿಟ್ ಬಳಿಯೇ ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

ಹಾಗಾಗಿ ಹಾಡುವ ಮೊದಲು ಹತ್ತು ದಿನ ಆ ಸ್ವಗತವನ್ನು ಬರೀ ಮಾತಾಡಿ. ಬರೆದ ಲಯದಲ್ಲೇ, ಎದುರಿಗೆ ಕೂತವರಿಗೆ ಕೇಳುವಷ್ಟು ದನಿಯಲ್ಲಿ. ನಂತರ ಹಾಡಿ, ಗಡಿಯಾರ ನೋಡಿ: ಒಕ್ಟಾವಿಯನ್ ಮರಳಿ ಬರುವವರೆಗೆ ಐದು ನಿಮಿಷದ ಆಸುಪಾಸಿರಬೇಕು. ಆರು ದಾಟಿದರೆ ನೀವು ಆಕೆಯ ಮೇಲೆ ಮರುಕ ಪಡುತ್ತಿದ್ದೀರಿ ಎಂದೇ ಅರ್ಥ. ಕಾನ್ವೆಂಟಿನಿಂದ ನೇರ ಮದುವೆಗೆ ಅಟ್ಟಿದ ಪುಟ್ಟ 'ರೆಸಿ'ಯ ನೆನಪು ಬರುವ ಕಡೆ ದನಿ ಹಗುರಾಗಿ ತೆಳುವಾಗಲಿ. ಅಲ್ಲಿ ಎಳೆಯ ಹುಡುಗಿ ಕೇಳಿಸಿದರೆ ಸಾಕು, ವಯಸ್ಸಿನ ಅಂತರ ತಾನಾಗಿ ಕಾಣುತ್ತದೆ.

'ಡೀ ತ್ಸೈಟ್', ಅಂದರೆ ಕಾಲದ ಕುರಿತ ಮಾತು, ಈ ಸ್ವಗತದ ಭಾಗವಲ್ಲ. ಇದನ್ನು ಬಹಳ ಜನ ಒಟ್ಟಿಗೆ ಕಲಸುತ್ತಾರೆ. ಅದು ಬರುವುದು ಒಕ್ಟಾವಿಯನ್ ಮರಳಿದ ಮೇಲೆ, ಅರ್ಥವಾಗದೆ ಮುಖ ಊದಿಸಿಕೊಂಡಿರುವ ಹುಡುಗನಿಗೆ ಹೇಳುವ ಮಾತು ಅದು. ನಡುರಾತ್ರಿ ಎದ್ದು ಮನೆಯ ಗಡಿಯಾರಗಳನ್ನೆಲ್ಲ ನಿಲ್ಲಿಸುತ್ತೇನೆ ಎನ್ನುವಾಗ ಹಾರ್ಪ್‌ಗಳೂ ಚೆಲೆಸ್ಟಾವೂ (ಕಿರುಗಂಟೆಯಂಥ ನಾದದ ಕೀಲಿಮಣೆ ವಾದ್ಯ) ಗಂಟೆ ಹೊಡೆಯುತ್ತವೆ. ಅಲ್ಲಿ ಅವುಗಳಿಗಿಂತ ಜೋರಾಗಿ ಹಾಡಬೇಡಿ. ಕಂಪನವನ್ನು ಪೂರ್ತಿ ತೆಗೆದು ಪಿಸುಮಾತಿಗೂ ಇಳಿಸಬೇಡಿ, ಸಭಾಂಗಣದ ಹಿಂದಿನ ಸಾಲಿನವರಿಗೆ ಏನೂ ಮುಟ್ಟದು.

ಎರಡನೇ ಅಂಕದಲ್ಲಿ ಆಕೆ ಇಲ್ಲವೇ ಇಲ್ಲ. ವಿರಾಮಗಳನ್ನೂ ಸೇರಿಸಿದರೆ ಎರಡು ಗಂಟೆಗೂ ಮಿಕ್ಕಿ ಸುಮ್ಮನಿದ್ದು, ಮೂರನೇ ಅಂಕದ ನಡುವೆ ಬಂದು, ಸ್ವಲ್ಪ ಹೊತ್ತಿಗೇ 'ಹಾಬ್ ಮಿರ್ಸ್ ಗೆಲೋಬ್ಟ್' ಎಂದು, ಒಕ್ಟಾವಿಯನ್ ಮತ್ತು ಅವನು ಮೆಚ್ಚಿದ ಎಳೆಯ ಹುಡುಗಿ ಸೋಫಿಯ ಜೊತೆಗಿನ ತ್ರಿಗಾನವನ್ನು ಒಬ್ಬಳೇ ಎತ್ತಿಕೊಳ್ಳಬೇಕು. ಡಿ ಫ್ಲಾಟ್ ಮೇಜರ್ ಶ್ರುತಿ, ಉದ್ದುದ್ದ ಉಸಿರು. ಆ ಬಿಡುವಿನಲ್ಲಿ ಮಲಗಬೇಡಿ, ಹೊಟ್ಟೆ ತುಂಬ ಉಣ್ಣಬೇಡಿ, ಪ್ರವೇಶಕ್ಕೆ ಇಪ್ಪತ್ತು ನಿಮಿಷ ಮೊದಲು ತುಟಿ ಕಂಪಿಸುತ್ತಾ ಆ ಸಾಲುಗಳನ್ನೇ ಮೆಲ್ಲಗೆ ಎರಡು ಬಾರಿ ಓಡಿಸಿ. ತ್ರಿಗಾನದ ರಾಗ, ಅದೇ ಅಂಕದಲ್ಲಿ ಹೆಣ್ಣುವೇಷದ ಒಕ್ಟಾವಿಯನ್ 'ನಾನು ವೈನ್ ಕುಡಿಯಲ್ಲ' ಎಂದು ಹಾಡುವ ವಾಲ್ಟ್ಸ್‌ನದೇ, ನಿಧಾನಗೊಳಿಸಿದ್ದು. ಇದು ನೆನಪಿದ್ದರೆ ಲಯ ಸತ್ತುಹೋಗುವುದಿಲ್ಲ.

ಮೊದಲು ಮೊಜಾರ್ಟ್‌ನ 'ಫಿಗಾರೋ' ಆಪೆರಾದ ಕೌಂಟೆಸ್ ಕಲಿಯಲೇ ಎಂದೂ ಕೇಳಿದ್ದೀರಿ. ಕಲಿಯಿರಿ, ಆದರೆ ಮಾರ್ಷಾಲಿನ್‌ಗೆ ಏಣಿ ಎಂದಲ್ಲ. 'ಪೋರ್ಜಿ ಅಮೋರ್' ಹಾಡುವವಳು ಎರಡನೇ ಅಂಕಕ್ಕೆ ಬಂದ ಕೂಡಲೇ ಬಾಯಿ ತೆರೆಯಬೇಕು, ಆ ಅಭ್ಯಾಸ ತ್ರಿಗಾನಕ್ಕೆ ಒದಗುತ್ತದೆ. ಇನ್ನು ವಯಸ್ಸಿನ ಲೆಕ್ಕ ಬಿಟ್ಟುಬಿಡಿ. ಗಾಯಕಿ ಲೊಟ್ಟೆ ಲೇಮನ್ ಸೋಫಿ, ಒಕ್ಟಾವಿಯನ್ (ಹೆಂಗಸೇ ಹಾಡುವ ಹುಡುಗನ ಪಾತ್ರ), ಮಾರ್ಷಾಲಿನ್ ಮೂರನ್ನೂ ಹಾಡಿದವರು. ರೆನೆ ಫ್ಲೆಮಿಂಗ್ 2017ರಲ್ಲಿ 58ರ ವಯಸ್ಸಿನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಮಾರ್ಷಾಲಿನ್ ಆಗಿದ್ದರು. ನೋಡಬೇಕಾದ್ದು ಒಂದೇ: ಮಧ್ಯಸ್ಥಾಯಿಯಲ್ಲಿ ನೀವು ಆಡುವ ಮಾತು, ಒತ್ತದೆಯೇ, ವಾದ್ಯವೃಂದವನ್ನು ದಾಟುತ್ತದೆಯೇ? ದಾಟದಿದ್ದರೆ ಇನ್ನೂ ಕಾಯಿರಿ.

ಮಾರ್ಷಾಲಿನ್ ಆಡುವ ಕೊನೆಯ ಮಾತು ಎರಡೇ ಪದ. ಸೋಫಿಯ ಅಪ್ಪ ಫಾನಿನಾಲ್ 'ಎಳೆಯರು ಹೀಗೇ' ಎಂದಾಗ 'ಯಾ, ಯಾ' (ಹೌದು, ಹೌದು) ಎನ್ನುತ್ತಾಳೆ. ಬಿಕ್ಕಳಿಕೆ ಬೇಡ, ನಿಟ್ಟುಸಿರೂ ಬೇಡ. ಬರೆದ ಸ್ವರ, ಬರೆದಷ್ಟೇ ಉದ್ದ.