ಏಳನೇ ನಂಬರಿನ ಟೋಕನ್

ಪ್ರಶ್ನೆ: ಗಿರಾಕಿಗಳಿಗೆ ಬಿಲ್ ಪಿಡಿಎಫ್ ಕಳಿಸುವ ಸಣ್ಣ ಸರ್ವರ್ ನಮ್ಮದು. ಸಿ ಭಾಷೆ, ಲಿನಕ್ಸ್, 16 ಥ್ರೆಡ್ (ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ನಡೆಯುವ ಕೆಲಸಗಳು). ಪ್ರತಿ ಸಲ ಫೈಲ್ ಓಪನ್ ಮಾಡುವುದೇಕೆಂದು ತೆರೆದ ಫೈಲ್‌ಗಳನ್ನು ಕ್ಯಾಶ್‌ನಲ್ಲಿಟ್ಟೆ. ಅವುಗಳ ಪಟ್ಟಿಯಿರುವ ಟೇಬಲ್‌ಗೆ, ಒಂದು ಸಲಕ್ಕೆ ಒಂದೇ ಥ್ರೆಡ್ ಮುಟ್ಟುವಂತೆ, ಲಾಕ್ ಕೂಡ ಇದೆ. ಆದರೂ ತಿಂಗಳ ಕೊನೆಯ ರಶ್‌ನಲ್ಲಿ ಒಬ್ಬರ ಬಿಲ್ಲಿನೊಳಗೆ ಇನ್ನೊಬ್ಬರ ಪುಟ ಬರುತ್ತಿದೆ. ಏಕೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಲಾಕ್ ಹಾಕಿದ್ದೀರಿ, ಆದರೆ ಬೇಗ ಬಿಟ್ಟಿದ್ದೀರಿ. ನೀವು ಕಳಿಸಿದ ಕೋಡ್‌ನಲ್ಲಿ ಟೇಬಲ್‌ನಿಂದ ಫೈಲ್ ನಂಬರ್ ಸಿಕ್ಕ ಕೂಡಲೇ ಲಾಕ್ ಬಿಡುತ್ತದೆ, ಓದುವುದು ಆಮೇಲೆ. ಎಡವಟ್ಟೆಲ್ಲ ಆ ಸಂದಿನಲ್ಲೇ.

ತೆರೆದ ಫೈಲಿಗೆ ಲಿನಕ್ಸ್ ಕೊಡುವುದು ಬರೀ ಒಂದು ನಂಬರ್, ಅದೂ ಖಾಲಿ ಇರುವುದರಲ್ಲಿ ಅತಿ ಚಿಕ್ಕದು. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಟೋಕನ್ ಎನ್ನಿ. ಒಂದು ಥ್ರೆಡ್ 7 ಹಿಡಿದು ಅರ್ಧ ಬಿಲ್ ಓದಿದೆ. ಅಷ್ಟರಲ್ಲಿ ಕ್ಯಾಶ್ ತುಂಬಿತೆಂದು ಇನ್ನೊಂದು ಥ್ರೆಡ್ 7ನ್ನು ಕ್ಲೋಸ್ ಮಾಡಿತು. ಮೂರನೆಯದು ಬೇರೆ ಗಿರಾಕಿಯ ಬಿಲ್ ತೆರೆಯಿತು, ಅದಕ್ಕೂ ಸಿಕ್ಕಿದ್ದು 7! ಮೊದಲನೆಯದು ಉಳಿದರ್ಧವನ್ನು ಅಲ್ಲಿಂದ ಓದುತ್ತದೆ. ಎರರ್ ಇಲ್ಲ, ಕ್ರ್ಯಾಶ್ ಇಲ್ಲ. ನಾನೂ ಈ ಹಳ್ಳಕ್ಕೆ ಬಿದ್ದವನೇ. ನನಗೆ ಆ 7 ಸಾಕೆಟ್ (ಗಿರಾಕಿಯ ನೆಟ್‌ವರ್ಕ್ ಸಂಪರ್ಕ) ಆಗಿ ಬಂದು, ಲಾಗ್ ಸಾಲುಗಳು ಗಿರಾಕಿಯ ಬ್ರೌಸರ್‌ನಲ್ಲಿ ಕಾಣಿಸಿಕೊಂಡಿದ್ದವು. ಎರಡು ರಾತ್ರಿ ನಿದ್ದೆಗೆಟ್ಟೆ.

ಹಾಗೆಂದು ಓದಿ ಮುಗಿಯುವವರೆಗೂ ಲಾಕ್ ಹಿಡಿಯಬೇಡಿ. 16 ಥ್ರೆಡ್ಡೂ ಸಾಲಾಗಿ ನಿಲ್ಲುತ್ತವೆ. ಪ್ರತಿ ಫೈಲಿಗೂ ಒಂದು ಕೌಂಟ್ ಇಡಿ. ನಂಬರ್ ತೆಗೆದುಕೊಳ್ಳುವಾಗ ಲಾಕ್‌ನೊಳಗೇ ಒಂದು ಕೂಡಿಸಿ, ಓದಿ ಮುಗಿದಾಗ ಮತ್ತೆ ಲಾಕ್‌ನೊಳಗೇ ಒಂದು ಕಳೆಯಿರಿ. ಕ್ಯಾಶ್‌ನಿಂದ ತೆಗೆಯುವಾಗ ಟೇಬಲ್‌ನಿಂದಷ್ಟೇ ತೆಗೆಯಿರಿ. ಹಾಗೆ ತೆಗೆದ ಫೈಲಿನ ಕೌಂಟ್ ಸೊನ್ನೆಯಾದಾಗ, ಕೊನೆಗೆ ಬಿಟ್ಟವರೇ ಕ್ಲೋಸ್ ಮಾಡಲಿ; ತೆಗೆಯುವಾಗಲೇ ಸೊನ್ನೆಯಿದ್ದರೆ ತೆಗೆದವರೇ ಮಾಡಲಿ. ಎನ್‌ಜಿನ್‌ಎಕ್ಸ್ (nginx) ಎಂಬ ವೆಬ್ ಸರ್ವರ್‌ನಲ್ಲಿ ಪ್ರತಿ ವರ್ಕರ್‌ಗೂ (ರಿಕ್ವೆಸ್ಟ್ ನೋಡಿಕೊಳ್ಳುವ ಪ್ರೊಸೆಸ್) ತನ್ನದೇ ಫೈಲ್ ಕ್ಯಾಶ್, ಥ್ರೆಡ್‌ಗಳ ಜಗಳ ಕಡಿಮೆ. ಅಲ್ಲೂ ಇಂಥ ಕೌಂಟ್ ಇದೆ, ಏಕೆಂದರೆ ಒಂದು ಫೈಲ್ ಪೂರ್ತಿ ಹೋಗುವ ಮೊದಲೇ ವರ್ಕರ್ ಬೇರೆ ರಿಕ್ವೆಸ್ಟ್‌ಗಳತ್ತ ತಿರುಗಿರುತ್ತದೆ.

ಇನ್ನೊಂದು ತಪ್ಪೂ ಕಣ್ಣಿಗೆ ಬಿತ್ತು. ನೀವು ಎಲ್‌ಸೀಕ್‌ನಿಂದ (lseek) ಓದುವ ಜಾಗ ಸರಿಸಿ, ಆಮೇಲೆ ರೀಡ್ ಮಾಡುತ್ತೀರಿ. ಒಂದೇ ಫೈಲನ್ನು ಇಬ್ಬರು ಓದಿದರೆ ಒಬ್ಬರು ಸರಿಸಿದ ಜಾಗದಿಂದ ಇನ್ನೊಬ್ಬರು ಓದುತ್ತಾರೆ. ಡ್ಯೂಪ್ (dup) ಮಾಡಿ ಅದೇ ತೆರೆದ ಫೈಲಿಗೆ ಇನ್ನೊಂದು ನಂಬರ್ ಪಡೆದರೂ ಜಾಗ ಹಂಚಿಕೊಂಡೇ ಇರುತ್ತದೆ. ಪಿ-ರೀಡ್ (pread) ಬಳಸಿ, ಎಲ್ಲಿಂದ ಓದಬೇಕೆಂದು ಪ್ರತಿ ಸಲ ನೀವೇ ಹೇಳುತ್ತೀರಿ.

ಇಷ್ಟೆಲ್ಲ ಮಾಡುವ ಮೊದಲು ಒಂದು ದಿನ ಕ್ಯಾಶ್ ತೆಗೆದಿಟ್ಟು ಅಳೆದು ನೋಡಿ. ಲೋಕಲ್ ಡಿಸ್ಕ್‌ನಲ್ಲಿ, ಈಚೆಗೆ ಮುಟ್ಟಿದ ಫೈಲ್ ತೆರೆಯಲು ಲಿನಕ್ಸ್‌ಗೆ ಕೆಲವೇ ಮೈಕ್ರೊಸೆಕೆಂಡ್ ಸಾಕು. ನನ್ನ ಕೇಸಿನಲ್ಲಿ ಕ್ಯಾಶೇ ಬೇಕಿರಲಿಲ್ಲ.