ಸಂಪಾದಕರ ಉತ್ತರ: ನಮ್ಮ ನಾಯಕರನ್ನು ನಾವೇ ಕೇಳಬೇಕು

ಓದುಗರೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಹೋದ ಸಂಚಿಕೆಯಲ್ಲಿ ಜನಪ್ರಿಯ ನಾಯಕರೊಬ್ಬರ ಈಡೇರದ ಭರವಸೆಗಳ ಬಗ್ಗೆ ಬರೆದಿದ್ದೆವು. ಅದು ಅವರಿಗೆ ಬೇಸರ ತಂದಿದೆ. ಪತ್ರದ ತಿರುಳು ಇಷ್ಟು: “ನೀವೂ ಅವರನ್ನು ಮೆಚ್ಚುವವರೇ. ಹೇಳಿದ್ದರಲ್ಲಿ ಅರ್ಧವೂ ಆಗಿಲ್ಲ ಅನ್ನುವುದು ನನಗೂ ಗೊತ್ತು. ಆದರೆ ಅದನ್ನು ಕೇಳುವುದಕ್ಕೆ ವಿರೋಧಿಗಳಿದ್ದಾರೆ. ನಾವೇ ಕೇಳಿದರೆ ಅವರ ಕೈಗೆ ಕೋಲು ಕೊಟ್ಟ ಹಾಗೆ. ಇದು ಸಮಯವಲ್ಲ.”

ಮಾನ್ಯರೇ, ನಿಮ್ಮ ಪತ್ರದಲ್ಲಿ ಸಿಟ್ಟಿದೆ, ಬೈಗುಳ ಇಲ್ಲ. ಅದಕ್ಕೇ ಇಷ್ಟು ಉದ್ದದ ಉತ್ತರ. ಕೋಲಿನ ಮಾತು ಪೂರ್ತಿ ಸುಳ್ಳೇನಲ್ಲ. ನಮ್ಮ ಲೇಖನದ ಎರಡು ಸಾಲು ಕಿತ್ತು ಎದುರು ಪಕ್ಷದವರು ಹಂಚಿಕೊಂಡದ್ದನ್ನು ನಾನೂ ನೋಡಿದೆ. ಖುಷಿಯೇನೂ ಆಗಲಿಲ್ಲ.

ಆದರೆ ವಿರೋಧಿಗಳು ಕೇಳಲಿ ಎಂದಿರಲ್ಲ, ಅವರು ಕೇಳಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. “ಹೊಟ್ಟೆಕಿಚ್ಚಿಗೆ ಹೇಳ್ತಾರೆ” ಅಂದರೆ ಅಲ್ಲಿಗೆ ಮುಗಿಯಿತು. ಬೆನ್ನ ಹಿಂದೆ ನಿಂತ ನಿಮಗೆ ಆ ಮಾತು ಹೇಳಿ ಪಾರಾಗಲು ನಾಯಕರಿಗೆ ಆಗುವುದಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಗೆ ಬೆಲೆ ಜಾಸ್ತಿ. ಅದನ್ನೇ ನೀವು ಬಾಯಿಮುಚ್ಚಿ ಇಟ್ಟುಕೊಂಡಿದ್ದೀರಿ.

1957ರ ಡಿಸೆಂಬರ್ ನೆನಪಿಸಿಕೊಳ್ಳಿ. ಲೋಕಸಭೆಯಲ್ಲಿ ಕಾಂಗ್ರೆಸ್ಸಿಗೆ ಭಾರೀ ಬಹುಮತ. ವಿರೋಧ ಪಕ್ಷಗಳು ಎಷ್ಟು ಕೂಗಿದರೂ ಸರ್ಕಾರಕ್ಕೆ ನಡುಕ ಇರಲಿಲ್ಲ. ಆಗ ಎದ್ದು ನಿಂತವರು ಫಿರೋಜ್ ಗಾಂಧಿ. ಕಾಂಗ್ರೆಸ್ಸಿನದೇ ಸದಸ್ಯರು, ಸಾಲದ್ದಕ್ಕೆ ಪ್ರಧಾನಿ ನೆಹರೂ ಅವರ ಅಳಿಯ. ಜೀವ ವಿಮಾ ನಿಗಮ ಹುಟ್ಟಿ ಎರಡು ವರ್ಷವೂ ಆಗಿರಲಿಲ್ಲ. ಪಾಲಿಸಿದಾರರ ಒಂದು ಕೋಟಿಗೂ ಹೆಚ್ಚು ರೂಪಾಯಿ ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರಿಗೆ ಹೋಗಿತ್ತು. ಹೇಗೆ ಹೋಯಿತು, ಯಾರು ಹೇಳಿ ಹೋಯಿತು? ಇಷ್ಟೇ ಅವರ ಪ್ರಶ್ನೆ. ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರಿಂದ ವಿಚಾರಣೆ ನಡೆಯಿತು, ಅದೂ ಜನರೆದುರು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ನಿಮ್ಮ ಲೆಕ್ಕದಲ್ಲಿ ಪಕ್ಷ ಮುಳುಗಬೇಕಿತ್ತು, ಅಲ್ವಾ? ಆದದ್ದೇ ಬೇರೆ. 1962ರ ಚುನಾವಣೆಯಲ್ಲೂ ಕಾಂಗ್ರೆಸ್ ಭಾರೀ ಬಹುಮತದಿಂದಲೇ ಗೆದ್ದಿತು. ತನ್ನವರಿಂದಲೇ ಪ್ರಶ್ನೆ ಕೇಳಿಸಿಕೊಂಡ ನೆಹರೂ ಅವರನ್ನು ಜನ ಕೈಬಿಡಲಿಲ್ಲ.

ಅದೇ ನೆಹರೂ ಇಪ್ಪತ್ತು ವರ್ಷ ಮೊದಲು ಮಾಡಿದ್ದು ನಿಮಗೆ ಗೊತ್ತಿರಬಹುದು. 1937ರ ನವೆಂಬರ್‌ನಲ್ಲಿ ಕಲ್ಕತ್ತೆಯ ಮಾಡರ್ನ್ ರಿವ್ಯೂ ಪತ್ರಿಕೆಯಲ್ಲಿ ‘ಚಾಣಕ್ಯ’ ಎಂಬ ಹೆಸರಿನಲ್ಲಿ ಒಂದು ಲೇಖನ ಬಂತು. ಜವಾಹರಲಾಲರ ಜಂಬ, ಜನಪ್ರಿಯತೆ ಎರಡನ್ನೂ ಅದು ಅನುಮಾನದಿಂದ ನೋಡಿತ್ತು. ಈ ಮನುಷ್ಯ ಸ್ವಲ್ಪ ತಿರುಗಿದರೂ ಸರ್ವಾಧಿಕಾರಿ ಆಗಬಲ್ಲ ಎಂದು ಎಚ್ಚರಿಸಿತ್ತು. ಬರೆದವರು ಸ್ವತಃ ಜವಾಹರಲಾಲರೇ! ಎಲ್ಲ ನಾಯಕರೂ ತಮ್ಮ ಮೇಲೆ ತಾವೇ ಹೀಗೆ ಬರೆದುಕೊಳ್ಳುವುದಿಲ್ಲ. ಆ ಕೆಲಸ ಹಿಂಬಾಲಕರ ಪಾಲಿಗೇ ಬರುತ್ತದೆ.

ದ್ರೋಹದ ಭಯ ನಿಮ್ಮದು. ವಿಕರ್ಣನ ಕಥೆ ಗೊತ್ತಲ್ಲ. ತುಂಬಿದ ಸಭೆಯಲ್ಲಿ ಭೀಷ್ಮ, ದ್ರೋಣರಂಥವರು ಸುಮ್ಮನೆ ಕೂತಿದ್ದಾಗ ದ್ರೌಪದಿಯ ಪರ ಮಾತಾಡಿದವನು ದುರ್ಯೋಧನನ ಒಡಹುಟ್ಟಿದ ತಮ್ಮ. ನೀನಿನ್ನೂ ಹುಡುಗ ಎಂದು ಕರ್ಣ ಗದರಿದ. ಆಮೇಲೆ ಇದೇ ವಿಕರ್ಣ ಅಣ್ಣನ ಪರವಾಗಿಯೇ ಯುದ್ಧಕ್ಕೆ ಹೋಗಿ ಸತ್ತ. ದ್ರೋಹಿ ಎನ್ನುತ್ತೀರಾ ಅವನನ್ನು?

ಇನ್ನು ‘ಸಮಯ’. ಸೋತಾಗ ಕೇಳಿದರೆ, ಪಾಪ, ಈಗ ಧೈರ್ಯ ತುಂಬಬೇಕು ಎನ್ನುತ್ತೀರಿ. ಗೆದ್ದ ಹೊಸತರಲ್ಲಿ, ಈಗಷ್ಟೇ ಬಂದಿದ್ದಾರೆ, ಸ್ವಲ್ಪ ಟೈಮ್ ಕೊಡಿ. ಮಧ್ಯದಲ್ಲಿ, ಈಗ ತೊಂದರೆ ಕೊಡಬೇಡಿ. ಕೊನೆಗೆ, ಚುನಾವಣೆ ಹತ್ತಿರ ಬಂತು. ಯುದ್ಧ ನಡೆಯುವಾಗಲೇ ಕೇಳಿದವರಿದ್ದಾರೆ ಸ್ವಾಮಿ. 1940ರ ಮೇ 7ರಂದು ಬ್ರಿಟನ್ನಿನ ಸಂಸತ್ತಿನಲ್ಲಿ ನಾರ್ವೆಯ ಸೋಲಿನ ಚರ್ಚೆ ಇತ್ತು. ಪ್ರಧಾನಿ ಚೇಂಬರ್ಲೇನರದೇ ಪಕ್ಷದ ಸದಸ್ಯ, ನೌಕಾಪಡೆಯ ಹಿರಿಯ ಅಧಿಕಾರಿ ರೋಜರ್ ಕೀಸ್ ಪೂರ್ತಿ ಸಮವಸ್ತ್ರದಲ್ಲಿ ಬಂದು ಯುದ್ಧ ನಡೆಸಿದ ರೀತಿಯನ್ನು ಟೀಕಿಸಿದರು. ಅದೇ ಪಕ್ಷದ ಲಿಯೊ ಅಮೆರಿ, ದೇವರ ಹೆಸರಿನಲ್ಲಿ ಕೇಳುತ್ತೇನೆ, ಹೋಗಿ ಎಂದೇ ಬಿಟ್ಟರು. ಮರುದಿನ ಮತ ಹಾಕಿದಾಗ ಸರ್ಕಾರ ಗೆದ್ದಿತು, 281ಕ್ಕೆ 200. ಆದರೆ ಯಾವಾಗಲೂ ಇನ್ನೂರರ ಮೇಲಿರುತ್ತಿದ್ದ ಅಂತರ 81ಕ್ಕೆ ಇಳಿದಿತ್ತು. ಸ್ವಂತ ಪಕ್ಷದವರೇ ಎದುರು ಮತ ಹಾಕಿದ್ದರು. ಮೇ 10ಕ್ಕೆ ಚೇಂಬರ್ಲೇನ್ ಜಾಗಕ್ಕೆ ಚರ್ಚಿಲ್ ಬಂದರು.

ನಮ್ಮಲ್ಲಿ ಇವತ್ತು ಇದು ನಡೆಯುತ್ತದೆಯೇ? ನನ್ನ ಹಳೆಯ ತಕರಾರಿಗೆ ಬಂದೆ, ಕ್ಷಮಿಸಿ. 1985ರಲ್ಲಿ ಸಂವಿಧಾನಕ್ಕೆ 52ನೇ ತಿದ್ದುಪಡಿ ಬಂತು. ದುಡ್ಡು, ಕುರ್ಚಿಗೆ ಪಕ್ಷ ಹಾರುವುದನ್ನು ತಡೆಯುವುದು ಉದ್ದೇಶ, ಒಳ್ಳೆಯದೇ. ಆದರೆ ಅದರ ಜೊತೆಗೆ ಇನ್ನೊಂದೂ ಬಂತು: ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಆದೇಶ, ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಅಮೆರಿಯ ಗುಂಪಿನವರು ಇಲ್ಲಿದ್ದಿದ್ದರೆ ಮಾತಾಡಬಹುದಿತ್ತು, ವಿಪ್ ಮೀರಿ ಮತ ಹಾಕಿದ್ದರೆ ಸೀಟು ಕಳೆದುಕೊಳ್ಳಬೇಕಿತ್ತು. ಪಕ್ಷ ಹಾರುವುದು ನಿಂತಿತೇ? ನೀವೇ ನೋಡುತ್ತಿದ್ದೀರಿ. ಶಾಸಕರು ಗುಂಪುಗುಂಪಾಗಿ ಹೋಗುವುದನ್ನು ಕಲಿತರು, ಅಷ್ಟೇ. ಒಬ್ಬನೇ ಎದ್ದು ಬೇಡ ಎನ್ನುವವನು ಮಾತ್ರ ಕಾಣೆಯಾದ. ಶಾಸಕರ ಕೈ ಕಟ್ಟಿದ್ದಾರೆ. ನಿಮ್ಮ ಕೈಯನ್ನು ಯಾರು ಕಟ್ಟಿದ್ದಾರೆ? ಯಾವ ವಿಪ್ಪೂ ನಿಮಗೆ ಅನ್ವಯಿಸುವುದಿಲ್ಲ.

ಪ್ರಶ್ನೆ ಕೇಳದ ಬೆಂಬಲಿಗನ ಮತ ಆಗಲೇ ಜಮಾ ಆದ ಹಣ. ಅದರ ಬಗ್ಗೆ ಯಾವ ನಾಯಕನೂ ತಲೆಕೆಡಿಸಿಕೊಳ್ಳುವುದಿಲ್ಲ. ಕೈಜಾರಬಹುದಾದ ಮತದ ಹಿಂದೆ ಓಡುತ್ತಾನೆ. ಭಾಷಣಕ್ಕೆ ಬಂದು ಚಪ್ಪಾಳೆ ತಟ್ಟುವವರಿಗೆ ಏನೂ ಸಿಗದೆ, ಮುಖ ತಿರುಗಿಸಿ ನಿಂತವರಿಗೆ ಯೋಜನೆಗಳು ಸಿಗುವುದು ಹೀಗೆ. ಆಮೇಲೆ ನಿಷ್ಠೆಗೆ ಬೆಲೆ ಇಲ್ಲ ಎಂದು ಕೊರಗುವುದು.

ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದನ್ನು ಎಲ್ಲ ಪಕ್ಷದವರೂ ಉದ್ಧರಿಸುತ್ತಾರೆ. ಮಜಾ ಏನೆಂದರೆ, ಯಾವಾಗಲೂ ಎದುರು ಪಕ್ಷದವರಿಗೆ ಓದಿ ಹೇಳುವುದಕ್ಕೆ! ನಮ್ಮ ಅಂಚೆಯಲ್ಲೂ ಇದೇ ಕಥೆ. ಇನ್ನೊಬ್ಬರ ನಾಯಕನನ್ನು ಪ್ರಶ್ನಿಸಿದರೆ “ದಿಟ್ಟ ಪತ್ರಿಕೆ” ಎನ್ನುತ್ತಾರೆ. ಅದೇ ಕೈ, ಅದೇ ಅಕ್ಷರ, ಮುಂದಿನ ತಿಂಗಳು “ಯಾರಿಗೆ ಮಾರಿಕೊಂಡಿರಿ” ಎಂದು ಕೇಳುತ್ತದೆ.

ನೀವು ಹಾಗೆ ಕೇಳಲಿಲ್ಲ, ಅದಕ್ಕೆ ಧನ್ಯವಾದ. ಮುಂದಿನ ಸಂಚಿಕೆಯ ಪತ್ರಗಳ ಪುಟವನ್ನು ಬೆಂಬಲಿಗರಿಗೆ ಬಿಟ್ಟಿದ್ದೇವೆ. ನೀವು ಮತ ಹಾಕಿದವರಿಗೆ ಒಂದು ಪ್ರಶ್ನೆ ಬರೆದು ಕಳಿಸಿ, 100 ಪದದೊಳಗೆ. ಯಾವ ಭರವಸೆ, ಯಾವಾಗ ಕೊಟ್ಟದ್ದು ಎಂಬುದು ಸ್ಪಷ್ಟವಾಗಿರಲಿ. ಹೊಗಳಿಕೆ ಬೇಡ. ಎದುರು ಪಕ್ಷದವರ ಮೇಲಿನ ಪ್ರಶ್ನೆಗಳಿಗೆ ಆ ತಿಂಗಳು ಜಾಗ ಇಲ್ಲ.

— ಸಂಪಾದಕ